ಬೆಳಗಿನ ಮೂರು ಗಂಟೆಯ ಸಂತೆ

ಟೊರಾಂಟೊದ ಡ್ಯಾನ್‌ಫರ್ತ್ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೋಟೆಲೊಂದರ ಮೇಲಿನ ಕೋಣೆಯಲ್ಲಿ ವರ್ಕ್ನೆಶ್ ಆಗಲೇ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಿದ್ದಾರೆ. ಎರಡು ಮಾತು ಕೇಳುತ್ತಾರೆ, ನಿಲ್ಲಿಸುತ್ತಾರೆ, ಹಿಂದಕ್ಕೋಡಿಸಿ ಮತ್ತೆ ಕೇಳುತ್ತಾರೆ. ಗಡೀಪಾರಿನ ಆದೇಶ ಹೊತ್ತವರ ವಿಚಾರಣೆಯ ಧ್ವನಿಮುದ್ರಿಕೆಗಳಿವು. ಅವರು ತಮ್ಮ ಅಮ್ಹಾರಿಕ್ ಭಾಷೆಯಲ್ಲಿ ಹೇಳಿದ್ದೇನು, ದುಭಾಷಿ ಇಂಗ್ಲಿಷಿಗೆ ದಾಟಿಸಿದ್ದೇನು ಎಂದು ಸಾಲು ಸಾಲಾಗಿ ತಾಳೆ ನೋಡಿ ವಕೀಲರಿಗೆ ಬರೆದುಕೊಡುವುದು ಈ ಅರವತ್ತೊಂದರ ಹೆಂಗಸಿನ ಕೆಲಸ. ಒಂದು ನಿಮಿಷದ ಮಾತಿಗೆ ಹತ್ತು ನಿಮಿಷದ ದುಡಿಮೆ. ಹತ್ತೊಂಬತ್ತು ವರ್ಷದಿಂದ ಇದೇ.

ಅಡಿಸ್ ಅಬಾಬದಲ್ಲಿ ಟೀಚರಾಗಿದ್ದವರು ಇಲ್ಲಿಗೆ ಬಂದ ಹೊಸತರಲ್ಲಿ ಕಚೇರಿಗಳ ನೆಲ ಒರೆಸಿದರು. ಮೊದಲ ಕೆಲಸವಂತೂ ಸೇರುವ ಮುನ್ನವೇ ಕೈತಪ್ಪಿತು. "ಎಂಟಕ್ಕೆ ಬಾ ಅಂದ್ರು. ಊಟ ಮುಗಿಸ್ಕೊಂಡು ಮಧ್ಯಾಹ್ನ ಎರಡಕ್ಕೆ ಠಾಕುಠೀಕಾಗಿ ಹೋದೆ! ನಮ್ಮಲ್ಲಿ ಅದೇ ಅಲ್ವಾ ಎಂಟು?" ಸೂರ್ಯ ಹುಟ್ಟಿದಲ್ಲಿಂದ ಗಂಟೆ ಎಣಿಸುವ ಜನ ಇವರು. ಉಳಿದವರ ಬೆಳಗಿನ ಒಂಬತ್ತು ಇವರಿಗೆ ಮೂರು.

ಅದೇ ಮೂರು ಈ ವರ್ಷ ಮುಲುಗೇಟನ ಕುತ್ತಿಗೆಗೆ ಬಂತು. ಕೆಳಗಿನ ಹೋಟೆಲಿನಲ್ಲಿ ತಮ್ಮೂರ ದೋಸೆ ಇಂಜೆರಾ ಹುಯ್ಯುವವನು ಅವನು. ದೇಶ ಬಿಟ್ಟು ಬಂದದ್ದೇಕೆ ಎಂದು ವಿಚಾರಣೆಯಲ್ಲಿ ಕೇಳಿದಾಗ, "ಬೆಳಗ್ಗೆ ಮೂರಕ್ಕೆ, ತುಂಬಿದ ಸಂತೇಲಿ ಸೈನಿಕರು ಹಿಡಿದ್ರು" ಅಂದಿದ್ದ. ಇಲ್ಲೇ ಹುಟ್ಟಿ ಬೆಳೆದ ದುಭಾಷಿ ಅದನ್ನು ಇದ್ದಂತೇ ದಾಟಿಸಿದಳು. ಕೋಳಿ ಕೂಗುವ ಮುಂಚೆ ಯಾವ ಊರಲ್ಲಪ್ಪಾ ಸಂತೆ? ಇವನು ಸುಳ್ಳುಗಾರ ಎಂದು ಅಧಿಕಾರಿ ಬರೆದರು. ಗಡೀಪಾರಿನ ಆದೇಶ ಬಿತ್ತು. ವಾಪಸು ಹೋದರೆ ಮತ್ತೆ ಅದೇ ಸೈನಿಕರ ಕೈಗೆ ಬೀಳಬೇಕು.

ಅವನ ವಕೀಲೆ ಕೋರ್ಟಿಗೆ ಓಡಿ, ವಿಮಾನ ಹತ್ತಿಸದಂತೆ ತಾತ್ಕಾಲಿಕ ತಡೆ ತಂದರು. ಆದರೆ ಮುಲುಗೇಟ ಹೇಳಿದ್ದು ನಿಜವೋ ಅಲ್ಲವೋ ಎಂದು ಜಡ್ಜು ತೂಗುವುದಿಲ್ಲ. ಅಧಿಕಾರಿಯ ತೀರ್ಮಾನ ನ್ಯಾಯವಾಗಿ ಆಯಿತೇ ಎಂದಷ್ಟೇ ನೋಡುವುದು. ತಪ್ಪು ಎಲ್ಲಾಗಿದೆ ಎಂದು ತೋರಿಸಬೇಕು. ಆರು ತಾಸಿನ ಮುದ್ರಿಕೆ ಜಾಲಾಡಿದ ವರ್ಕ್ನೆಶ್ ನಾಲ್ಕನೇ ದಿನ ಮೆಟ್ಟಿಲ ಮೇಲಿಂದಲೇ ಕೂಗಿದರು: "ಲೋ ಮಂಕೇ, ಯಾರ ಮೂರು ಅಂತ ಬಿಡಿಸಿ ಹೇಳಬಾರದಿತ್ತೇನೋ?"

"ಮೂರರಲ್ಲೂ ಎರಡು ಜಾತಿ ಇದೆ ಅಂತ ನಂಗೇನಕ್ಕಾ ಗೊತ್ತು!"

ಕಳೆದ ಗುರುವಾರ ತೀರ್ಪು ಬಂತು. ಆದೇಶ ರದ್ದು, ಬೇರೆ ಅಧಿಕಾರಿ ಮೊದಲಿನಿಂದ ವಿಚಾರಿಸಬೇಕು. ಮುಲುಗೇಟ ಅಳುತ್ತ ನಗುತ್ತ ಕೋಳಿ ಸಾರಿನ ಪಾತ್ರೆ ಹಿಡಿದು ಮೇಲೆ ಬಂದಿದ್ದಾನೆ.

"ಹೊಸ ವಿಚಾರಣೆ ಹತ್ತಕ್ಕಂತೆ ಅಕ್ಕಾ."

"ಅದು ಅವರ ಹತ್ತು, ನಮ್ಮ ನಾಲ್ಕು! ನಮ್ಮ ಹತ್ತು ಅಂದ್ಕೊಂಡು ಸಂಜೆ ಹೊರಟ್ಯೋ, ಕಾಲು ಮುರೀತೀನಿ."

ಇಪ್ಪತ್ತು ಪುಟದ ತೀರ್ಪಿನಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎಂದರೆ ವರ್ಕ್ನೆಶ್ ಕೈಯಾಡಿಸಿ ನಗುತ್ತಾರೆ. "ಹೆಸರು ಕಟ್ಕೊಂಡು ಏನಾಗ್ಬೇಕು? ಹನ್ನೆರಡನೇ ಪುಟ ತೆಗೀರಿ. 'ಅರ್ಜಿದಾರ ಹೇಳಿದ್ದು ಬೆಳಗ್ಗೆ ಒಂಬತ್ತು ಗಂಟೆ' ಅಂತಿದೆಯಲ್ಲ, ಆ ಒಂಬತ್ತು ನಂದು."