ಕೀ ನನ್ನ ಕೊರಳಲ್ಲಿ

ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕುರ್ಚಿ ಹಿಂದಕ್ಕೆ ಸರಿಸಿ, "ಇನ್ಮೇಲೆ ಗಾಡಿ ಓಡಿಸೋದು ಬೇಡಮ್ಮ" ಎಂದರು. ನಮ್ಮ ಅತ್ತೆ ಕೇಳಿದಳು:

"ರಿಪೇರಿ ಮಾಡಬಹುದಾ?"

"ನರ ಒಣಗಿಹೋಗಿದೆ, ಅದಕ್ಕೆ ರಿಪೇರಿ ಇಲ್ಲ. ಉಳಿದಿರೋದನ್ನ ಆದಷ್ಟು ದಿನ ಕಾಪಾಡಿಕೊಳ್ಳೋಣ. ಹನಿ ಬರೆದುಕೊಡ್ತೀನಿ."

"ಕಣ್ಣಲ್ಲ ಡಾಕ್ಟ್ರೇ, ಗಾಡಿ. ಗಾಡಿ ರಿಪೇರಿ ನಾನು ಮಾಡಬಹುದಾ ಅಂತ ಕೇಳಿದ್ದು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಅಕ್ಷರಗಳ ಚಾರ್ಟು ನೋಡಿದೆ. ಬೇಡ ಎಂದು ಯಾರೂ ಹೇಳದಿದ್ದರೆ ಹೂಂ ಎಂದೇ ಅರ್ಥ ಮಾಡಿಕೊಳ್ಳುವುದು ಅತ್ತೆಯ ಹುಟ್ಟುಗುಣ.

ಅತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಹೋದವಳು ವರ್ಷ ತುಂಬುವ ಮೊದಲೇ ಟ್ರಂಕು ಹೊತ್ತುಕೊಂಡು ವಾಪಸ್ ಬಂದಿದ್ದಳಂತೆ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ "ಆ ಮನೇಲಿ ಗಾಳಿ ಇರ್ಲಿಲ್ಲ" ಎಂಬ ಒಂದೇ ಮಾತು. ಊರ ಬಾಯಿಗೆ ಮುಚ್ಚಳವಿಲ್ಲ, ಏನೇನೋ ಆಡಿಕೊಂಡರು. ಅವಳು ಆ ಬಾಯಿಗಳಿಗೆಲ್ಲ ಬೆನ್ನು ಹಾಕಿ, ತಮ್ಮನ ಜೊತೆ ಉಪ್ಪಿನ ಗದ್ದೆಗೆ ಇಳಿದಳು. ಅಲ್ಲಿ ಗಾಳಿಗೇನೂ ಬರವಿರಲಿಲ್ಲ.

ಸಮುದ್ರದ ನೀರನ್ನು ಕಾಲುವೆಯಿಂದ ಚಪ್ಪಟೆ ಗದ್ದೆಗಳಿಗೆ ಬಿಟ್ಟು, ಬಿಸಿಲಿಗೆ ಹರಳುಗಟ್ಟಿದ ಮೇಲೆ ಹಲಗೆಯಿಂದ ಎಳೆದು, ಬದುವಿನ ಮೇಲೆ ರಾಶಿ ಹಾಕುವುದು ನಮ್ಮ ಕೆಲಸ. ಬಿಳಿ ಉಪ್ಪಿನ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ರಾಶಿಯಿಂದ ಶೆಡ್‌ಗೆ ಮೊದಲು ಬುಟ್ಟಿಯಲ್ಲಿ ಹೊರುತ್ತಿದ್ದರು. ಆಮೇಲೆ ಅಪ್ಪ ಒಂದು ಹಳೆಯ ಎಟಿವಿ ತಂದ. ಮರಳು, ಕೆಸರು, ಕಲ್ಲು ಎಂದು ಭೇದ ಮಾಡದೆ ಓಡುವ, ಬೈಕಿನ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ ಸುಸ್ತಾಗಿ ಬಂದಿತ್ತು. ಕಾಲು ಮಡಚಿ ಕೂತ ಹಾಗೆ ಕಾಣುತ್ತಿದ್ದುದರಿಂದ ಅದಕ್ಕೆ 'ಕಪ್ಪೆ' ಎಂದು ಹೆಸರು ಬಿತ್ತು. ಹಿಂದೆ ಒಂದು ಸಣ್ಣ ಟ್ರೇಲರು ಕಟ್ಟಿದೆವು. ಮೊದಲ ದಿನ ಅಪ್ಪ ಹತ್ತುವ ಮೊದಲೇ ಅತ್ತೆ ಹತ್ತಿ ಕೂತಿದ್ದಳು. ಮುಂದೆ ಇಪ್ಪತ್ತು ವರ್ಷ ಇಳಿಯಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ನಮ್ಮ ಕಪ್ಪೆಗೂ ಅದೇ ನಿಯಮ. ಸಂಜೆ ಕೆಲಸ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ಚೈನಿಗೆ ಕೆಂಪು ತುಕ್ಕು. ಅತ್ತೆ ಗಾಡಿಯ ಹಿಂಬದಿ ಎತ್ತಿ, ಚಕ್ರಗಳು ನೆಲಕ್ಕೆ ತಾಗದಂತೆ ಅಡಿಗೆ ಮರದ ದಿಮ್ಮಿ ಕೊಡುತ್ತಿದ್ದಳು. ಚೈನನ್ನು ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಕೊಂಡಿಗಳ ಒಳಮೈಗೆ ಹನಿ ಹನಿಯಾಗಿ ಎಣ್ಣೆ ಬಿಡುತ್ತಿದ್ದಳು. ಹೊರಗೆ ಬಳಿದರೆ ಧೂಳಿಗೆ ಊಟ ಹಾಕಿದ ಹಾಗೆ, ಒಳಗೆ ಇಳಿಯಬೇಕು ಎನ್ನುವಳು. ಕೊನೆಗೆ ಚೈನಿನ ನಡುವೆ ಬೆರಳಿಟ್ಟು ಒತ್ತಿ ಸಡಿಲ ಎಷ್ಟಿದೆ ನೋಡುವುದು. ಬಿಗಿಯಾದರೆ ಸವೆಯುತ್ತದೆ, ಜೋಲಾದರೆ ಹಲ್ಲಿನ ಚಕ್ರದಿಂದ ಜಾರುತ್ತದೆ. ಕಿರಿದಾದ ಬದುವಿನ ಮೇಲೆ, ಹಿಂದೆ ಭಾರದ ಟ್ರೇಲರು ತಳ್ಳುತ್ತಿರುವಾಗ ಚೈನು ತುಂಡಾಗಿ ಚಕ್ರಕ್ಕೆ ಸುತ್ತಿಕೊಂಡರೆ ಮುಗಿಯಿತು. ಗಾಡಿ, ಸವಾರ ಎಲ್ಲ ಕಾಲುವೆಗೆ.

ಡಾಕ್ಟರು ಹೇಳಿದ ಮೇಲೆ ಅವಳು ಸೀಟನ್ನು ಅಪ್ಪನಿಗೆ ಬಿಟ್ಟುಕೊಟ್ಟಳು. ಅಳಲಿಲ್ಲ, ಹಲುಬಲಿಲ್ಲ. "ಓಡಿಸೋದು ನಿಂದು. ಚೈನು, ಎಂಜಿನ್ ಆಯಿಲ್ಲು ನಂದು" ಎಂದಳು. ಆಗಿನ್ನೂ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತಿತ್ತು. ಮರುವರ್ಷದ ಹೊತ್ತಿಗೆ ಕತ್ತಲು ಯಾವುದು ಬೆಳಕು ಯಾವುದು ಎಂಬುದಷ್ಟೇ ಉಳಿಯಿತು.

ಅಪ್ಪ ಮೆತ್ತಗೆ ಹೇಳಿ ನೋಡಿದ. "ಅಕ್ಕ, ಸಾಕು. ಬೆರಳು ಸಿಕ್ಕಿಹಾಕ್ಕೊಂಡ್ರೆ ಏನು ಗತಿ? ಮನೇಲಿ ಆರಾಮಾಗಿ ಇರು."

"ಮನೇಲಿ ಇದ್ದು ಏನ್ ಮಾಡ್ಲಿ? ನಿನ್ನ ಹೆಂಡತಿ ಜೊತೆ ಜಗಳ ಆಡ್ಲಾ?"

"ನನ್ನನ್ನ ಯಾಕೆ ಎಳೀತೀರಿ?" ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು.

ಅತ್ತೆ ಅಂದೇ ಕಾನೂನು ಮಾಡಿದಳು. ಅವಳು ಗಾಡಿಗೆ ಕೈಹಾಕುವ ಮೊದಲು ಕೀ ಅವಳ ಕೊರಳಿನ ದಾರದಲ್ಲಿರಬೇಕು. ಕೆಲಸ ಮುಗಿದು, ಅವಳೇ ಕೊಡುವವರೆಗೆ ಯಾರೂ ಕೇಳುವಂತಿಲ್ಲ. ಬೆರಳು ಚೈನಿನಲ್ಲಿರುವಾಗ ಯಾರೋ ಅವಸರಗೇಡಿ ಸ್ಟಾರ್ಟ್ ಮಾಡಿಬಿಟ್ಟರೆ? ಅಪ್ಪ ಕೀ ತೆಗೆದು ಅವಳ ಕೈಗೆ ಹಾಕಿದ. ಆದರೆ ಬೆಳಗ್ಗೆ ಅವನು ಬೂಟು ಹಾಕಿ ನಿಂತರೆ ಒಳಗಿನಿಂದ "ತಡಿ, ಚೈನು ಇನ್ನೂ ಒಣಗಿಲ್ಲ" ಎಂಬ ಕೂಗು. ನಾಲ್ಕು ದಿನ ತಡೆದ. ಐದನೆಯ ದಿನ ಪೇಟೆಗೆ ಹೋಗಿ ಇನ್ನೊಂದು ಕೀ ಮಾಡಿಸಿಕೊಂಡು ಬಂದ. ಚೆನ್ನಾಗಿ ನೆನಪಿದೆ: ಹೊಸ ಕೀ ತಿರುಗಿಸಿ ಬಟನ್ ಒತ್ತುತ್ತಲೇ ಇದ್ದಾನೆ, ಕಪ್ಪೆ ಕೆಮ್ಮುತ್ತಿದೆ, ಹತ್ತುತ್ತಿಲ್ಲ. ಬಾಗಿಲಲ್ಲಿ ಕೂತ ಅತ್ತೆ ಚಹಾ ಹೀರುತ್ತ ತನ್ನ ಜೇಬಿನಿಂದ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಟೋಪಿ ತೆಗೆದು ತೋರಿಸಿದಳು.

"ಕೀ ಮಾಡಿಸ್ಕೊಂಡು ಬರ್ಬಹುದು. ಇದನ್ನೂ ಮಾಡಿಸ್ಕೊಂಡು ಬರ್ತೀಯಾ?"

ನಾನು ನಕ್ಕೆ. ಅಪ್ಪ ನಗಲಿಲ್ಲ. ಹೊಸ ಕೀಯೂ ಅವಳ ದಾರ ಸೇರಿತು.

ಹಾಗೆಂದು ಅವಳ ಕೈಗೆ ತಪ್ಪೇ ಗೊತ್ತಿಲ್ಲ ಎಂದಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಮೊದಲ ಬಾರಿ ಎಂಜಿನ್ ಆಯಿಲ್ ಬದಲಾಯಿಸಿದ ದಿನ ಶೆಡ್ಡಿನ ನೆಲವೆಲ್ಲ ಎಣ್ಣೆಯಾಯಿತು. ಎಂಜಿನ್ ಸ್ವಲ್ಪ ಬಿಸಿಮಾಡಿ, ಕೆಳಗಿನ ಬೋಲ್ಟು ಬಿಚ್ಚಿ, ಹಳೆಯದನ್ನು ಬೋಗುಣಿಗೆ ಇಳಿಸಿದ್ದಳು. ಎರಡು ಬೆರಳ ನಡುವೆ ಉಜ್ಜಿ, "ಮರಳಿನ ಹಾಗೆ ಕೊರೀತಿಲ್ಲ, ಪರವಾಗಿಲ್ಲ" ಎಂದಿದ್ದಳು. ಅಳತೆ ಕಡ್ಡಿ ಕಾಣದ್ದಕ್ಕೆ ಉಪಾಯ ಮೊದಲೇ ಮಾಡಿಟ್ಟುಕೊಂಡಿದ್ದಳು: ಸರಿಯಾದ ಅಳತೆಗೆ ಕತ್ತರಿಸಿದ ಒಂದು ಡಬ್ಬಿ, ಕಂಠದವರೆಗೆ ತುಂಬಿ ಸುರಿದರೆ ಸಾಕು. ಎಲ್ಲ ಸರಿಯಾಗಿತ್ತು. ಬೋಲ್ಟಿನ ಕೆಳಗಿನ ತಾಮ್ರದ ವಾಷರು ಮಾತ್ರ ಎಲ್ಲೋ ಜಾರಿಬಿದ್ದದ್ದು ಗೊತ್ತಾಗಲಿಲ್ಲ. ಹೊಸ ಎಣ್ಣೆ ಸುರಿದಷ್ಟೂ ಕೆಳಗಿಂದ ಹರಿಯಿತು.

"ನೋಡಿದ್ಯಾ?" ಎಂದ ಅಪ್ಪ. ಆ ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದವನ ದನಿ.

ಅತ್ತೆ ಒದ್ದೆಯಾದ ನೆಲದ ಮೇಲೆ ಮಂಡಿಯೂರಿ ವಾಷರಿಗಾಗಿ ತಡಕುತ್ತಿದ್ದಳು. ತಲೆ ಎತ್ತಲಿಲ್ಲ. "ಹೋದ ಮಳೆಗಾಲದಲ್ಲಿ ಎಂಜಿನ್ ಆಯಿಲ್ ಮುಚ್ಚಳ ಹಾಕದೆ ಮನೆವರೆಗೂ ಓಡಿಸ್ಕೊಂಡು ಬಂದೋರು ಯಾರು? ಎರಡು ಕಣ್ಣಿರೋರೇ ಅಲ್ವಾ? ಆಗ ನಿನ್ನನ್ನ ಯಾರೂ ಮನೇಲಿ ಕೂರು ಅನ್ಲಿಲ್ಲ."

ವಾಷರು ನನ್ನ ಕಾಲಬುಡದಲ್ಲೇ ಇತ್ತು. ಬಗ್ಗಿ ಎತ್ತಿಕೊಡಲು ಹೋದೆ. "ಮುಟ್ಟಬೇಡ ಪುಟ್ಟಿ" ಎಂದಳು, ಹೇಗೆ ಗೊತ್ತಾಯಿತೋ. ಅವಳೇ ಹುಡುಕಿಕೊಂಡಳು, ಒರೆಸಿದಳು, ಮೊದಲಿನಿಂದ ಶುರುಮಾಡಿದಳು. ಮರುದಿನ ಚೈನು ತೊಳೆಯುವ ಹೊತ್ತಿಗೆ ಶೆಡ್ಡಿನಲ್ಲಿದ್ದಳು.

ಆಮೇಲೆ ಬಂತು ಆ ಅಕಾಲದ ಮಳೆ. ಹೇಳದೆ ಕೇಳದೆ ಮಧ್ಯಾಹ್ನವೇ ಕಡಲ ಕಡೆಯಿಂದ ಮೋಡ ಕವಿಯಿತು. ಕೊನೆಯ ಗದ್ದೆಯ ಬದುವಿನ ಮೇಲೆ ಎರಡು ದೊಡ್ಡ ರಾಶಿ, ಶೆಡ್ಡಿನ ಮುಂದೆ ತುಂಬಿಸಿಕೊಳ್ಳಲು ನಿಂತ ಲಾರಿ. ಉಪ್ಪಿನ ರಾಶಿಗೆ ಮಳೆ ಬಿದ್ದರೆ ಋತುವಿಡೀ ದುಡಿದದ್ದು ಬಂದ ದಾರಿಯಲ್ಲೇ ಸಮುದ್ರಕ್ಕೆ. ಕಪ್ಪೆ ಊಟದ ಹೊತ್ತಿಗೆಂದು ಶೆಡ್ಡಿಗೆ ಬಂದಿತ್ತು. ಅತ್ತೆ ರೂಢಿಯಂತೆ ಚೈನಿನ ಮೇಲೆ ಬೆರಳಾಡಿಸುತ್ತಿದ್ದಳು.

ಅಪ್ಪ ಓಡಿ ಬಂದ. "ಅಕ್ಕ, ಕೀ ಕೊಡು. ಮೋಡ ನೋಡು!"

"ನೋಡೋದೇನು, ವಾಸನೆ ಬರ್ತಿದೆ. ಆದ್ರೂ ಕೊಡಲ್ಲ. ಒಂದು ಕೊಂಡಿ ಸೀಳಿದೆ."

ಅಪ್ಪ ಕುಕ್ಕರುಗಾಲಲ್ಲಿ ಕೂತು ನೋಡಿದ. "ಎಲ್ಲಿ? ಇದಾ? ಇದು ತುಕ್ಕಿನ ಗೆರೆ ಅಷ್ಟೇ."

"ಗೆರೆ ಆಗಿದ್ರೆ ಉಗುರು ಜಾರ್ಬೇಕಿತ್ತು. ಸಿಕ್ಕಿಕೊಳ್ತಿದೆ."

"ನನಗೆ ಕಣ್ಣಿದೆ ಅಕ್ಕ!"

"ಇರ್ಲಿ ಬಿಡು. ನನಗೆ ಉಗುರಿದೆ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಕಣ್ಣು ಕಾಣದೋಳ ಕೈಗೆ ಬದುಕು ಕೊಟ್ಟು ಕೂತಿದ್ದೀನಿ ನಾನು!" ಎಂದು ಕಿರುಚಿದ.

ಲಾರಿ ಡ್ರೈವರು ಟಯರು ನೋಡುವ ನೆಪದಲ್ಲಿ ಆಚೆ ತಿರುಗಿದ. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆಯ ಮುಖದಲ್ಲಿ ಏನೋ ಒಂದು ಕ್ಷಣ ಕದಲಿತು. ಆಮೇಲೆ ಹೇಳಿದಳು:

"ಕೊಟ್ಟಿದ್ದೀಯಲ್ಲ? ಹಾಗಾದ್ರೆ ಸುಮ್ನಿರು. ಪುಟ್ಟಿ, ಚೈನು ಕಳಚೋ ಸ್ಕ್ರೂ ತಾ. ಹೊಸ ಕ್ಲಿಪ್ಪಿನ ಕೊಂಡಿ ನೀಲಿ ಡಬ್ಬೀಲಿದೆ."

ಅಪ್ಪ ಕೈ ಚಾಚಿದ. ಆದರೆ ಅಕ್ಕನ ಕೊರಳ ದಾರಕ್ಕೆ ಕೈಹಾಕುವಷ್ಟು ಅವನು ಬೆಳೆದಿರಲಿಲ್ಲ. ಕೈ ಗಾಳಿಯಲ್ಲೇ ನಿಂತು ಕೆಳಗಿಳಿಯಿತು. ಟಾರ್ಪಾಲು ಎಳೆದುಕೊಂಡು ಬದುವಿನ ಮೇಲೆ ಓಡಿದ. ಇದ್ದದ್ದು ಒಂದು ರಾಶಿಗೆ ಸಾಲುವಷ್ಟು ಟಾರ್ಪಾಲು.

ಹಳೆಯ ಕೊಂಡಿಯ ತುಕ್ಕು ಹಿಡಿದ ಪಿನ್ನು ಸುಲಭಕ್ಕೆ ಬರಲಿಲ್ಲ. ಅತ್ತೆ ಸ್ಕ್ರೂ ತಿರುಗಿಸುತ್ತಿದ್ದಳು, ಹಣೆಯ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು. "ಸ್ಕ್ರೂ ನೇರ ಕೂತಿದ್ಯಾ ನೋಡು" ಎಂದಳು. "ಕೂತಿದೆ ಅತ್ತೆ, ಆದ್ರೆ ಮೋಡ..." ಎಂದೆ. "ನಿನ್ನ ಕಣ್ಣು ಬೇಕು, ಬಾಯಿ ಬೇಡ." ಕೊನೆಗೆ ಪಿನ್ನು ಟಣ್ಣೆಂದು ಬಿತ್ತು. ಹೊಸ ಕೊಂಡಿ ಸೇರಿಸಿ, ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿದೆಯೇ ಎಂದು ಎರಡೆರಡು ಬಾರಿ ಸವರಿ, ಸಡಿಲ ಒತ್ತಿ ನೋಡಿ, ದಾರ ಬಿಚ್ಚಿ ಕೀಯನ್ನು ನನ್ನ ಕೈಗೆ ಹಾಕಿದಳು. "ಕೊಡು ಅವನಿಗೆ. ನಿಧಾನಕ್ಕೆ ಓಡಿಸು ಅನ್ನಬೇಡ, ಕೇಳಲ್ಲ."

ಅಪ್ಪ ನಾಲ್ಕು ಸಲ ಹೋಗಿ ಬಂದ. ಐದನೆಯ ಸಲಕ್ಕೆ ಮಳೆ ಹಿಡಿಯಿತು. ಮುಚ್ಚದ ರಾಶಿಯ ಅರ್ಧದಷ್ಟು ಕಣ್ಣೆದುರೇ ಕರಗಿ, ಬೆಳ್ಳಗೆ ಕಾಲುವೆಗೆ ಹರಿಯಿತು.

ಮಳೆ ನಿಂತ ಮೇಲೆ ಅವನು ತೊಯ್ದ ಬಟ್ಟೆಯಲ್ಲೇ ಬಂದು, ಬೆಂಚಿನ ಮೇಲಿದ್ದ ಹಳೆಯ ಕೊಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನಾನೂ ನೋಡಿದೆ. ಕೂದಲೆಳೆಯಂಥ ಗೆರೆ ಇತ್ತು. ಸೀಳೋ ತುಕ್ಕೋ, ಪ್ರಮಾಣ ಮಾಡಿ ಹೇಳಲು ಇಂದಿಗೂ ನನ್ನಿಂದ ಆಗುವುದಿಲ್ಲ.

"ಇದು ಇವತ್ತು ತಡೀತಿತ್ತು ಅಕ್ಕ" ಎಂದ.

"ತಡೀತಿತ್ತೇನೋ."

"ಅರ್ಧ ರಾಶಿ ಹೋಯ್ತು."

"ಹೋಯ್ತು. ಉಪ್ಪು ಮತ್ತೆ ಕಟ್ಟುತ್ತೆ. ಬದುವಿನ ಮೇಲೆ ಗಾಡಿ ಓಡಿಸೋನು ನೀನು, ಉಪ್ಪಲ್ಲ. ನಾಳೆ ಇಂಥದ್ದೇ ಮೋಡ ಬಂದು ಇಂಥದ್ದೇ ಗೆರೆ ಸಿಕ್ರೂ ಕೀ ಕೊಡಲ್ಲ. ಈಗ್ಲೇ ಹೇಳಿದ್ದೀನಿ."

ಅಣ್ಣತಮ್ಮಂದಿರಾಗಿದ್ದರೆ ಹೊಡೆದಾಡುತ್ತಿದ್ದರೇನೋ. ಇವರು ಮಾತು ಬಿಟ್ಟರು. "ಉಪ್ಪು ಬೇಕಾ ಅಂತ ಕೇಳು", "ಬೇಡ ಅಂತ ಹೇಳು" ಎಂದು ಒಂದೇ ಮೇಜಿನಲ್ಲಿ ಕೂತು ಅಮ್ಮನ ಮೂಲಕ ಮಾತಾಡಿದರು. ಕೊನೆಗೆ ಅಮ್ಮನೇ ರೇಗಿದಳು: "ನಾನೇನು ನಿಮ್ಮಿಬ್ಬರ ಅಂಚೆಯವಳಾ? ಏನಿದ್ರೂ ನೀವೇ ಆಡ್ಕೊಳ್ಳಿ."

ಆ ವಾರವೇ ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಕೆಮ್ಮಿದ. "ಆ ದಿನ ಆಡಿದ ಮಾತು..." ಎಂದು ಶುರುಮಾಡಿದ.

"ಕೇಳಿಸ್ಕೊಂಡೆ. ಕಿವಿ ಚೆನ್ನಾಗಿದೆ ನಂಗೆ. ಇನ್ನೊಂದ್ ಸಲ ಆಡಿದ್ರೆ ಕೆನ್ನೆಗೆ ಬೀಳುತ್ತೆ, ಗುರಿ ತಪ್ಪಲ್ಲ" ಎಂದಳು ಅತ್ತೆ. "ನಿಂತಿದ್ದೀಯಲ್ಲ, ಆ ದಿಮ್ಮಿ ಈ ಕಡೆ ತಳ್ಳು."

ಅಪ್ಪ ದಿಮ್ಮಿ ತಳ್ಳಿದ.

ಈಚೆಗೆ ಆಸ್ಪತ್ರೆಯವರು ಮನೆಗೆ ಬಂದು, ದಾರಿ ತಡಕಿಕೊಂಡು ನಡೆಯಲೆಂದು ಅವಳಿಗೊಂದು ಬಿಳಿ ಕೋಲು ಕೊಟ್ಟು ಹೋದರು. ಬಳಸುವುದು ಹೇಗೆಂದು ಬಹಳ ಹೊತ್ತು ಹೇಳಿಕೊಟ್ಟರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದಳು. ಅವರು ಗೇಟು ದಾಟಿದ ಮೇಲೆ ಶೆಡ್ಡಿಗೆ ಹೋಗಿ ಗೋಡೆಗೆ ಎರಡು ಮೊಳೆ ಹೊಡೆದು ಕೋಲನ್ನು ಅಡ್ಡಲಾಗಿ ಇಟ್ಟಳು. ಈಗ ಕಳಚಿ ತೊಳೆದ ಚೈನು ಅದರ ಮೇಲೆ ನೇತಾಡುತ್ತದೆ, ಕೆಳಗಿನ ಬೋಗುಣಿಗೆ ಸೀಮೆಎಣ್ಣೆ ತೊಟ್ಟಿಕ್ಕುತ್ತದೆ. "ಒಳ್ಳೇ ಕೋಲು ಕೊಟ್ಟಿದ್ದಾರೆ ಪುಟ್ಟಿ, ಒಂಚೂರೂ ಬಾಗಲ್ಲ" ಎನ್ನುತ್ತಾಳೆ.