ಊರಲ್ಲಿಲ್ಲದವರ ಪಾಲು

ಮೊನ್ನೆ ಮಂಗಳೂರಿನಿಂದ ಬಂದ ತಂಗಿಯ ಮಗಳು ಕರವಸ್ತ್ರದ ಗಂಟು ಬಿಚ್ಚಿ ಒಂದು ಭತ್ತದ ತೆನೆಯನ್ನು ನನ್ನ ಕೈಗಿಟ್ಟಳು. ಇಗರ್ಜಿಯಲ್ಲಿ ಪಾದ್ರಿಗಳಿಂದ ಆಶೀರ್ವಾದವಾಗಿ ಬಂದದ್ದು. ಹಸಿ ಭತ್ತದ ವಾಸನೆ, ಅದಕ್ಕೆ ಅಂಟಿಕೊಂಡ ಸಾಂಬ್ರಾಣಿಯ ಹೊಗೆ... ಮೂಗಿನ ಹತ್ತಿರ ಹಿಡಿದವಳು ಹಾಗೇ ಕುಳಿತುಬಿಟ್ಟೆ. ಮಡಿಕೇರಿಯ ಆ ಹಳೆಯ ಬಾಡಿಗೆ ಮನೆ, ಆ ಮಂಜು, ಪಕ್ಕದ ಮನೆಯ ಬಾಯಿ, ಎಲ್ಲ ಒಟ್ಟಿಗೇ ಎದುರು ಬಂದು ನಿಂತವು.

‘ಬಾಯಿ’ ಎಂದರೆ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು ಕರೆಯುವ ರೀತಿ. ಇವರ ಮಟ್ಟಿಗೆ ಕನ್ನಡದ ಅರ್ಥವೂ ಸರಿಯಾಗಿ ಹೊಂದುತ್ತಿತ್ತು. ಬೆಳಿಗ್ಗೆ ಎದ್ದರೆ ಹಾಲಿನವನಿಗೆ ಬೈಗುಳ, ಕೋಳಿಗೆ ಬೈಗುಳ, ಬಟ್ಟೆ ಒಣಗಲು ಬಿಡದ ಮಂಜಿಗೂ ಬೈಗುಳ. ನನ್ನ ಯಜಮಾನರು ಬಿಳಿ ದೊರೆಯೊಬ್ಬನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಶನಿವಾರ ಸಂಜೆ ಬಂದರೆ ಬಂದರು, ಹೊಳೆ ತುಂಬಿದರೆ ಅದೂ ಇಲ್ಲ. ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದ ನನಗೆ ಮಾತಿಗೆ ಇದ್ದವರು ಬಾಯಿ ಒಬ್ಬರೇ. ಮಾತಾಡುವ ಸರದಿ ನನಗೆ ಸಿಗುತ್ತಿತ್ತು ಎಂದು ಮಾತ್ರ ತಿಳಿಯಬೇಡಿ!

ಸೆಪ್ಟೆಂಬರಿನಲ್ಲಿ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ತೆನೆ ತಂದು, ಕಾಳು ಸುಲಿದು ಬೆಲ್ಲದ ಹಾಲಿಗೆ ಹಾಕಿ, ಮನೆಮಂದಿಯೆಲ್ಲ ಕುಡಿಯುವುದು ನಮ್ಮ ಪದ್ಧತಿ. ಊರಲ್ಲಿಲ್ಲದವರಿಗೂ ಒಂದು ಪಾಲು ಎತ್ತಿಡಬೇಕು. ಮೊದಲನೆಯ ವರ್ಷ ನಾನು ದೊಡ್ಡ ಜಾಣೆಯ ಹಾಗೆ ತೆನೆ ಕೇಳಲು ಊರಾಚೆಯ ಗದ್ದೆಗೆ ಹೋದೆ. ಗದ್ದೆಯ ಕೊಡವ ಯಜಮಾನರು ನಕ್ಕುಬಿಟ್ಟರು. “ಈಗ ತೆನೆ ಎಲ್ಲಿಂದ ತರೂದವ್ವಾ? ಪೈರು ನೆಟ್ಟು ತಿಂಗಳಾಗಿಲ್ಲ. ನಮ್ಮ ಸುಗ್ಗಿಹಬ್ಬ ಪುತ್ತರಿಗೆ ಬನ್ನಿ” ಎಂದರು. ಕರಾವಳಿಯಲ್ಲಿ ಭತ್ತ ಹಣ್ಣಾಗುವ ಹೊತ್ತಿಗೆ ಕೊಡಗಿನ ಗದ್ದೆ ಇನ್ನೂ ಹಚ್ಚಹಸಿರು ಎಂಬುದು ನನಗೆಲ್ಲಿ ಗೊತ್ತಿತ್ತು? ಅಲ್ಲಿಯ ನಮ್ಮವರಿಗೆಲ್ಲ ತೆನೆ ಬರುತ್ತಿದ್ದುದು ಸಂಪಾಜೆ ಘಾಟಿ ಹತ್ತುವ ಎತ್ತಿನ ಗಾಡಿಯಲ್ಲಿ.

ಮರುವರ್ಷದ ಮಳೆಗಾಲದಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ದಿನ ತುಂಬಿರಲಿಲ್ಲ. ಯಜಮಾನರು ಎಸ್ಟೇಟಿನಲ್ಲಿ, ಪಾದ್ರಿಗಳು ದೂರದ ತೋಟಗಳ ಕೂಲಿ ಲೈನುಗಳಿಗೆ ಹೋಗಿದ್ದರು, ಬಾಯಿ ಕೂಡ ಅಂದು ಊರಲ್ಲಿರಲಿಲ್ಲ. ನಾನು ಜ್ವರದಲ್ಲಿ ಬಿದ್ದಿದ್ದೆ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ನೀರೆರೆದು ಜ್ಞಾನಸ್ನಾನ ಕೊಡಬಹುದೆಂದು ಸೂಲಗಿತ್ತಿಗೂ ತಿಳಿಯದು, ನನಗೂ ತಿಳಿಯದು. ಸಂಜೆಗೆ ಮಗು ಹೋಯಿತು... ಜ್ಞಾನಸ್ನಾನವಾಗದ ಮಗುವೆಂದು ಸಿಮೆಟ್ರಿಯ ಬೇಲಿಯ ಹೊರಗೆ, ಲಂಟಾನ ಪೊದೆಯ ಪಕ್ಕದಲ್ಲಿ ಮಣ್ಣು ಮಾಡಿದರು.

ಆಮೇಲೆ ನಾನು ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಜಪಸರವನ್ನು ಅಕ್ಕಿ ಡಬ್ಬದ ಹಿಂದೆ ಎಸೆದೆ. ನನ್ನ ಮಗುವನ್ನು ಬೇಲಿಯಾಚೆ ಇಟ್ಟ ದೇವರ ಹತ್ತಿರ ನನಗೇನು ಮಾತು? ಕಿಟಕಿಯಾಚೆ ಮಳೆ ಸುರಿಯುವಾಗ ಅವಳಿಗೆ ಚಳಿಯಾಗುತ್ತದೆಂದು ಅಳುತ್ತಿದ್ದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಾಯಿ ಬಂದು ಬಾಗಿಲು ತಟ್ಟಿದರೂ ತೆರೆಯುತ್ತಿರಲಿಲ್ಲ.

ಆ ವರ್ಷ ಘಾಟಿಯಲ್ಲಿ ಗುಡ್ಡ ಜರಿದು ತೆನೆಯ ಗಾಡಿ ಬರಲಿಲ್ಲ. ಹಬ್ಬ ಕಳೆದು, ಎಲ್ಲರೂ ಮರೆತ ಮೇಲೆ ಬಂತು. ಬಾಯಿ ಪಾದ್ರಿಗಳ ತಲೆ ತಿಂದು ಆ ಬಾಡಿದ ತೆನೆಗೇ ಆಶೀರ್ವಾದ ಮಾಡಿಸಿಕೊಂಡು, ಹಿತ್ತಿಲ ಬಾಗಿಲಿನಿಂದ ನೇರ ನನ್ನ ಅಡುಗೆಮನೆಗೆ ನುಗ್ಗಿದರು. ಹಾಲು ಕಾಯಿಸಿ ಮೂರು ಲೋಟಗಳಿಗೆ ಹಾಕಿದರು.

“ಇದು ನಿಂದು. ಇದು ಎಸ್ಟೇಟಲ್ಲಿರುವ ನಿನ್ನ ಗಂಡಂದು. ಇದು ಮಗೂದು.”

ನನಗೆ ಮೈಯೆಲ್ಲ ಉರಿದುಹೋಯಿತು. “ಯಾವ ಮಗು ಬಾಯಿ? ದೇವರಿಗೇ ಬೇಡವಾಗಿ ಬೇಲಿಯ ಹೊರಗೆ ಬಿದ್ದದ್ದಕ್ಕೆ ಪಾಲು ಬೇರೆ ಕೇಡು!” ಎಂದು ಕೂಗಿದೆ.

ಅಂದು ಮೊದಲ ಬಾರಿಗೆ ಬಾಯಿ ಬೈಯದೆ, ಒಲೆಯ ಮುಂದೆ ನನ್ನ ಪಕ್ಕ ಕುಳಿತರು. ಮೆಲ್ಲಗೆ ಹೇಳಿದರು: “ಬೇಲಿ ಕಟ್ಟಿದ್ದು ಮನುಷ್ಯರು ಮಾರಾಯ್ತಿ, ದನ ನುಗ್ಗಬಾರದೂಂತ. ನನ್ನ ಗಂಡ ಮೆಣಸಿನ ಗಾಡಿ ಜೊತೆ ತಲಚೇರಿಗೆ ಹೋದವರು ತಿರುಗಿ ಬರ್ಲಿಲ್ಲ. ಎಲ್ಲಿದ್ದಾರೋ, ಯಾವ ಮಣ್ಣಲ್ಲೋ... ನಂಗೆ ಗೊತ್ತಿಲ್ಲ. ದೇವರಿಗೆ ಗೊತ್ತುಂಟು. ನಾನೂ ನಿನ್ನ ಹಾಗೆ ಜಗಳ ಮಾಡಿದ್ದೇನೆ. ಕಡೆಗೆ ಪಾಲು ಇಡ್ಲಿಕ್ಕೆ ಕಲಿತೆ. ಈ ತೆನೆ ನೀನು ಬಿತ್ತಿದ್ದಾ, ನಾನು ಬಿತ್ತಿದ್ದಾ? ಈ ಮಣ್ಣಲ್ಲಿ ಬೆಳೆದದ್ದು ಕೂಡ ಅಲ್ಲ. ತಡವಾದ್ರೂ ಬಂತಲ್ಲಾ. ಕುಡಿ.”

ಕುಡಿದೆ. ಹಾಲಿಗಿಂತ ಕಣ್ಣೀರೇ ಹೆಚ್ಚು ಗಂಟಲಿಗಿಳಿಯಿತು. ಮಗುವಿನ ಪಾಲನ್ನು ಬಾಯಿ ತಾವೇ ಎತ್ತಿ, ಶಿಲುಬೆಯ ಗುರುತು ಹಾಕಿ, ಅವಳ ಹೆಸರಿನಲ್ಲಿ ಕುಡಿದರು. ದೇವರ ಮೇಲಿನ ನನ್ನ ಸಿಟ್ಟು ಅಂದೇ ಇಳಿಯಿತೆಂದರೆ ಸುಳ್ಳಾಗುತ್ತದೆ. ಆದರೆ ಅಕ್ಕಿ ಡಬ್ಬದ ಹಿಂದಿನಿಂದ ಜಪಸರವನ್ನು ಹುಡುಕಿ ತೆಗೆದೆ. ಆಮೇಲೆ ಪಾದ್ರಿಗಳ ಎಷ್ಟೋ ಪ್ರಸಂಗಗಳಲ್ಲಿ ‘ಕೃಪೆ’ ಎಂಬ ಮಾತು ಕೇಳಿದ್ದೇನೆ. ಕೇಳಿದಾಗಲೆಲ್ಲ ನನಗೆ ಕಾಣುವುದು ತಡವಾಗಿ ಬಂದ ಆ ಬಾಡಿದ ತೆನೆಯೇ.

ಕೆಲವು ವರ್ಷಗಳ ಮೇಲೆ ಬಾಯಿ ತೀರಿಕೊಂಡರು. ಮಣ್ಣಿಗೆ ಹೋದಾಗಲೇ ನನಗೆ ತಿಳಿದದ್ದು, ಸಿಮೆಟ್ರಿಯಲ್ಲಿ ಅಷ್ಟು ಒಳ್ಳೆಯ ಜಾಗಗಳಿದ್ದರೂ ಬೇಲಿಗೆ ತಾಗಿದ ಮೂಲೆಯೇ ಬೇಕೆಂದು ಪಾದ್ರಿಗಳ ಹತ್ತಿರ ಹಟ ಹಿಡಿದು ಹೇಳಿಟ್ಟಿದ್ದರಂತೆ. ಬೇಲಿಯ ಆಚೆ ಲಂಟಾನ ಪೊದೆ, ನನ್ನ ಮಗು. ಈಚೆ ಬಾಯಿ.

ತಂಗಿಯ ಮಗಳು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ನಾನು ಹಾಲು ಕಾಯಿಸಿ ಲೋಟಗಳನ್ನು ಸಾಲಾಗಿ ಇಟ್ಟೆ. ತೀರಿಹೋದ ಯಜಮಾನರದು, ಮಗುವಿನದು, ಬಾಯಿಯದು, ನಾನು ಮುಖವನ್ನೇ ಕಾಣದ ಬಾಯಿಯ ಗಂಡನದು. ಎಲ್ಲರ ಹೆಸರಿನಲ್ಲಿ ಕುಡಿಯುವವಳು ನಾನೊಬ್ಬಳೇ. ಬಾಯಿಯ ಪಾಲನ್ನು ಕೊನೆಗೆ ಉಳಿಸಿಕೊಂಡೆ. ಬೆಲ್ಲ ಕಡಿಮೆಯಾಗಿತ್ತು... ಬೈಯಲು ಯಾರೂ ಇರಲಿಲ್ಲ.