ಸಿನಿಮಾದಲ್ಲಿ ಅವಳು ಬಾಗಿಲು ತೆಗೆದಳು

ನನಗೆ ಹುಟ್ಟಿನಿಂದ ಬಂದ ಒಂದು ಕಾಯಿಲೆಯಿದೆ. ‘ಗೊತ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಮೂರೇ ಅಕ್ಷರದ ಮಾತು, ಮಗುವೂ ಹೇಳುತ್ತದೆ. ನನ್ನ ನಾಲಿಗೆ ಮಾತ್ರ ಹೊರಳುವುದಿಲ್ಲ. ಶಿರಸಿಯ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹಾಗಾಗಿ ದಾರಿ ಕೇಳುವವರಿಗೆ ಬರವಿಲ್ಲ. ಒಮ್ಮೆ ಯಾರೋ ಬಂದು ಇಡಗುಂದಿಗೆ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದರು. ನನಗೇನು ಗೊತ್ತು? ಆದರೂ ಗಡಿಯಾರ ನೋಡಿ, ಹುಬ್ಬು ಗಂಟಿಕ್ಕಿ, “ಮೂರೂ ಕಾಲು” ಎಂದೆ. ಆ ಪುಣ್ಯಾತ್ಮರು ಐದರ ತನಕ ಎದುರಿಗೇ ನಿಂತಿದ್ದರು. ಅಷ್ಟೂ ಹೊತ್ತು ನಾನು ಪುಸ್ತಕ ಜೋಡಿಸುವವನ ಹಾಗೆ ಕಪಾಟಿನ ಹಿಂದೆ ಅಡಗಿ ಕೂತಿದ್ದೆ.

“ಗೊತ್ತಿಲ್ದೇ ಇದ್ದಿದ್ದಕ್ಕೆ ಗೊತ್ತಿಲ್ಲೆ ಹೇಳಲೆ ನಿಂಗಕ್ಕೆ ಎಂತಾಗ್ತು?” ಎಂದು ನನ್ನ ಹೆಂಡತಿ ಮದುವೆಯಾದ ವರ್ಷದಿಂದ ಕೇಳುತ್ತಿದ್ದಾಳೆ. ಅದಕ್ಕೂ ನಾನು ಏನಾದರೊಂದು ಉತ್ತರ ಕೊಡುತ್ತಲೇ ಬಂದಿದ್ದೇನೆ.

ನನ್ನದು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ. ಈಗ ಬಾಡಿಗೆಗೆ ಒಯ್ಯುವವರು ಬೆರಳೆಣಿಕೆಯಷ್ಟು, ಧೂಳು ಮಾತ್ರ ಧಾರಾಳ. ಒಂದು ಕಾಲದಲ್ಲಿ ಸಿದ್ದಾಪುರ, ಯಲ್ಲಾಪುರದಿಂದೆಲ್ಲ ಬಂದು ಪತ್ತೇದಾರಿ ಕಾದಂಬರಿಗಳನ್ನು ಚೀಲ ತುಂಬಿ ಒಯ್ಯುತ್ತಿದ್ದರು. ಅವರು ಓದುವ ಮೊದಲು ನಾನು ಓದಿರುತ್ತಿದ್ದೆ. ಆ ಲೋಕದ ಕಾನೂನುಗಳೇ ಬೇರೆ. ಪತ್ತೇದಾರನಾದವನು ಏಪ್ರಿಲ್ ತಿಂಗಳಲ್ಲೂ ಉದ್ದ ಕೋಟು ಬಿಚ್ಚಕೂಡದು. ಇನ್‌ಸ್ಪೆಕ್ಟರ್ ದಡ್ಡನಾಗಿರಲೇಬೇಕು. ಎಲ್ಲಕ್ಕಿಂತ ದೊಡ್ಡ ಕಾನೂನೆಂದರೆ, ಕೊಲೆಗಾರ ಸತ್ತವರಿಗೆ ಪರಿಚಿತನೇ ಆಗಿರಬೇಕು. ಯಾರೋ ದಾರಿಹೋಕ ಬಂದು ಕೊಂದುಹೋದ ಎಂದರೆ ಓದುಗ ಪುಸ್ತಕ ಬಿಸಾಡುತ್ತಾನೆ. ಇನ್ನೂರೈವತ್ತು ಪುಟ ಓದಿಸಿ ದಾರಿಹೋಕನನ್ನು ತೋರಿಸುವುದೇ? ಈ ಕಾನೂನು ನನ್ನ ರಕ್ತಕ್ಕೆ ಇಳಿದುಬಿಟ್ಟಿತ್ತು. ಐವತ್ತನೇ ಪುಟಕ್ಕೆ ಕೊಲೆಗಾರನನ್ನು ಹಿಡಿಯುತ್ತೇನೆ ಎಂದು ಊರಲ್ಲಿ ಹೆಸರೂ ಬಂದಿತ್ತು. ಹಿಡಿಯಲಾಗದ ಪುಸ್ತಕಗಳ ವಿಷಯ ನಾನು ಎತ್ತುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಪತ್ತೇದಾರಿ ಪುಸ್ತಕವನ್ನು ಕೈಯಿಂದಲೂ ಮುಟ್ಟದ ಗಿರಾಕಿ ಎಂದರೆ ದಾಸನಕೊಪ್ಪದ ನೀಲವ್ವ. ಮಂಗಳವಾರದ ಸಂತೆಗೆ ಮೆಣಸಿನಕಾಯಿ, ಸೊಪ್ಪು ತರುವವಳು. ಮಾರಾಟ ಮುಗಿಸಿ ನನ್ನ ಅಂಗಡಿಗೆ ಬಂದು ಒಂದು ಸಂಸಾರದ ಕಾದಂಬರಿ ಒಯ್ಯುವುದು, ಮುಂದಿನ ಮಂಗಳವಾರ ತಂದುಕೊಡುವುದು. ಇಪ್ಪತ್ತು ವರ್ಷದಿಂದ ಈ ಕ್ರಮ ತಪ್ಪಿರಲಿಲ್ಲ. ಬರುವಾಗ ಒಂದು ಕಟ್ಟು ಹರಿವೆಸೊಪ್ಪು ಮೇಜಿನ ಮೇಲಿಟ್ಟು “ಅಕ್ಕಾರಿಗೆ ಕೊಡ್ರಿ ಭಟ್ಟರ” ಎನ್ನುತ್ತಿದ್ದಳು. ಕೊಲೆಯ ಕಥೆ ಯಾಕೆ ಓದುವುದಿಲ್ಲ ಎಂದು ಒಮ್ಮೆ ನಾನು ಹುಡುಗಾಟಕ್ಕೆ ಕೇಳಿದ್ದೆ. “ನಮ್ಮನ್ಯಾಗ ಆಗೇತ್ರಿ ಒಂದು, ಸಾಕು” ಎಂದಿದ್ದಳು. ಆಮೇಲೆ ಬೇರೆಯವರಿಂದ ತಿಳಿಯಿತು. ಸುಮಾರು ನಲವತ್ತು ವರ್ಷದ ಹಿಂದೆ, ಒಂದೇ ಬೇಸಿಗೆಯಲ್ಲಿ ಈ ಸೀಮೆಯಲ್ಲಿ ಮೂವರು ಹೆಂಗಸರ ಕೊಲೆಯಾಗಿತ್ತು. ಮೂರೂ ಮಟಮಟ ಮಧ್ಯಾಹ್ನ, ಮನೆಯವರೆಲ್ಲ ಹೊಲಕ್ಕೆ ಹೋದ ಹೊತ್ತಿನಲ್ಲಿ. ಕಿವಿಯ ಓಲೆಗಾಗಿ ಕೊಂದವನು ಆಮೇಲೆ ಸಿಕ್ಕಿಬಿದ್ದು ಜೈಲಿನಲ್ಲೇ ಸತ್ತನಂತೆ. ಆ ಮೂವರಲ್ಲಿ ಒಬ್ಬಳು ನೀಲವ್ವನ ತಂಗಿ ಗಂಗವ್ವ. ಆಗ ಅವಳಿಗೆ ಹತ್ತೊಂಬತ್ತು.

ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಒಬ್ಬ ಸಿನಿಮಾ ನಿರ್ದೇಶಕರು ನನ್ನ ಅಂಗಡಿಗೆ ಬಂದರು. ಇದೇ ಕೊಲೆಗಳ ಮೇಲೆ ಸಿನಿಮಾ, ಆ ಕಾಲದ್ದೇ ಬಸ್ಸು, ಆ ಕಾಲದ್ದೇ ಅಂಗಿ. ಒಂದು ದೃಶ್ಯಕ್ಕೆ ಹಳೇ ಮಾಸಪತ್ರಿಕೆಗಳು ಬೇಕಿದ್ದವು. ಅಂಗಡಿಯಲ್ಲಿ ಜಾಗವಿಲ್ಲವೆಂದು ಮನೆಯ ಜಗಲಿಗೆ ಕರೆದೆ. ಬೆವರಿಳಿಸಿಕೊಂಡು ಬಂದಿದ್ದರು; ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಅವರು ಕುಡಿದರು, ಟಿಪ್ಪಣಿ ಪುಸ್ತಕ ತೆಗೆದರು, ನನ್ನ ಜ್ಞಾನ ಹರಿಯಲು ಶುರುವಾಯಿತು. ಆಗಿನ ಪೊಲೀಸರ ಟೋಪಿ, ಆಗಿನ ಬೀಡಿ, ಆಗಿನ ಟೂರಿಂಗ್ ಟಾಕೀಸು ಎಂದು ಎರಡು ಗಂಟೆ ಬಿಡುವಿಲ್ಲದೆ ಹೇಳಿದೆ. ನನ್ನ ಮಾತನ್ನು ಯಾರೋ ಬರೆದುಕೊಳ್ಳುತ್ತಿರುವುದು ಜೀವನದಲ್ಲಿ ಅದೇ ಮೊದಲು.

ಕೊನೆಗೆ ಅವರು ಪೆನ್ನು ಕಚ್ಚಿಕೊಂಡು ಕೇಳಿದರು: “ಒಂದೇ ಒಂದು ಕಡೆ ಸಿಕ್ಕಾಕೊಂಡಿದೀನಿ ಸಾರ್. ಆ ದಾಸನಕೊಪ್ಪದ ಹುಡುಗಿ ಮನೇಲಿ ಒಬ್ಳೇ ಇದ್ಲು. ಮುಖ ಪರಿಚಯ ಇಲ್ದಿರೋನು ಬಂದ್ರೆ ಬಾಗಿಲು ಯಾಕೆ ತೆಗೀತಾಳೆ? ಜನ ಕೇಳ್ತಾರೆ ಸಾರ್, ಲಾಜಿಕ್ ಬೇಕಲ್ಲ?”

ನನಗೆ ಗೊತ್ತಿರಲಿಲ್ಲ. ಗೊತ್ತಿರುವವಳು ಮುಂದಿನ ಮಂಗಳವಾರ ಸೊಪ್ಪಿನ ಕಟ್ಟು ಹಿಡಿದು ಬರುವವಳಿದ್ದಳು. ಆದರೆ ನಾನು ಕಣ್ಣು ಕಿರಿದು ಮಾಡಿ, ಉದ್ದ ಕೋಟು ಹಾಕಿದವನ ಗತ್ತಿನಲ್ಲಿ, “ಗುರ್ತಿನವನೇ ಆಗಿರಬೇಕು. ಇಲ್ಲದಿದ್ರೆ ತೆಗೀತಿದ್ಲಾ?” ಎಂದೆ.

ನಿರ್ದೇಶಕರ ಮುಖ ಅರಳಿತು. “ಸೂಪರ್ ಸಾರ್” ಎಂದು ಬರೆದುಕೊಂಡರು. ನಾನು ಆ ದಿನ ಊಟ ಎರಡು ತುತ್ತು ಹೆಚ್ಚಿಗೇ ಮಾಡಿದೆ.

ದಾಸನಕೊಪ್ಪದಲ್ಲಿ ಈಗ ಹಳೇ ಮನೆಗಳಿಲ್ಲವೆಂದು ಸಿದ್ದಾಪುರದ ಹತ್ತಿರ ಒಂದು ಹೆಂಚಿನ ಮನೆ ಹಿಡಿದು ಚಿತ್ರೀಕರಣ ಮಾಡಿದರು. ನನ್ನ ಪತ್ರಿಕೆಗಳು ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲಿ ಬಂದವು. ಸಿನಿಮಾ ಶಿರಸಿಗೆ ಬರುವ ಹೊತ್ತಿಗೆ ನಾನು ಅರ್ಧ ಊರಿಗೆ ಹೇಳಿ ಮುಗಿಸಿದ್ದೆ, ಕೊನೆಯಲ್ಲಿ ಪರದೆಯ ಮೇಲೆ ನನ್ನ ಹೆಸರು ಬರುತ್ತದೆ ಎಂದು. ನೀಲವ್ವನಿಗೂ ಹೇಳಿದ್ದೆ. ಅವಳು ನೋಡಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಅವಳು “ನನ್ನೂ ಕರಕೊಂಡು ಹೋಗ್ರಿ ಭಟ್ಟರ. ಗಂಗೀದೊಂದು ಫೋಟೋನೂ ಇಲ್ಲ ನಮ್ಮನ್ಯಾಗ. ಮುಖ ಮರ್ತು ಹೋಗಾಕತ್ತೈತ್ರಿ” ಎಂದಳು.

ಹೀಗೆ ಒಂದು ಸಂತೆಯ ದಿನ ನಾನು, ನನ್ನ ಹೆಂಡತಿ, ನೀಲವ್ವ ಮೂವರೂ ಮ್ಯಾಟಿನಿ ಆಟಕ್ಕೆ ಹೋದೆವು. ನೀಲವ್ವ ಖಾಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ಮೊದಲು ಪರದೆಯ ಮೇಲೆ ‘ಸತ್ಯಘಟನೆ ಆಧಾರಿತ’ ಎಂದು ಬಂತು. ಅದರ ಬೆನ್ನಿಗೇ ‘ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ’ ಎಂದೂ ಬಂತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ನನಗೂ ಇಲ್ಲ. ನಡುನಡುವೆ ಯಾರಾದರೂ ಬೀಡಿ ಹಚ್ಚಿದರೆ ಮೂಲೆಯಲ್ಲಿ ‘ಆರೋಗ್ಯಕ್ಕೆ ಹಾನಿಕರ’ ಎಂಬ ಎಚ್ಚರಿಕೆ.

ಗಂಗವ್ವನ ಪಾತ್ರದ ಹುಡುಗಿ ಬಂದಾಗ ನೀಲವ್ವ ನನ್ನ ಹೆಂಡತಿಯ ಕೈ ಹಿಡಿದುಕೊಂಡಳು. “ಹಿಂಗ ಇದ್ಳ್ರೀ ಅಕ್ಕಾರ. ಹೆಳಲು ಹಿಂಗ ಇತ್ತು. ನಗೂದೂ ಹಿಂಗ” ಎಂದು ಪಿಸುಗುಟ್ಟುತ್ತಿದ್ದಳು. ನಿಜವಾಗಿ ಹಾಗಿದ್ದಳೋ, ಆ ಹುಡುಗಿಯ ಮುಖವನ್ನೇ ಇವಳು ತಂಗಿಗೆ ಹಚ್ಚಿಕೊಂಡಳೋ ತಿಳಿಯದು. ಅರ್ಧ ಗಂಟೆ ಅವಳು ಸಂತೋಷದಲ್ಲಿದ್ದಳು ಎಂಬುದು ಮಾತ್ರ ಸತ್ಯ.

ಆಮೇಲೆ ಶುರುವಾಯಿತು. ಕೆರೆಯ ದಂಡೆಯಲ್ಲಿ ಕೊಲೆಗಾರನೇ ಅವಳಿಗೆ ಬಳೆ ತೊಡಿಸಿದ. ಅವಳು ಅಕ್ಕನಿಗೆ ಸುಳ್ಳು ಹೇಳಿ ಅವನನ್ನು ಕಾಣಲು ಹೋದಳು. ಒಂದು ಹಾಡೂ ಆಯಿತು. ಕೊನೆಗೆ ಆ ಮಧ್ಯಾಹ್ನ ಬಂತು. ಬಾಗಿಲು ಬಡಿದ ಸದ್ದು. ಅವಳು ಕನ್ನಡಿ ನೋಡಿಕೊಂಡು, ಹೂವು ಸರಿಮಾಡಿಕೊಂಡು, ನಗುತ್ತ ಬಂದು ಅಗಳಿ ತೆಗೆದಳು. ಹಿಂದಿನ ಸಾಲಿನಲ್ಲಿ ಯಾರೋ, “ಮಾಡಿದ್ದುಣ್ಣೋ ಮಹರಾಯ” ಎಂದರು. ಒಂದಿಬ್ಬರು ನಕ್ಕರು. ಬೀಡಿಯ ಹೊಗೆಗೆ ಎಚ್ಚರಿಕೆ ಕೊಟ್ಟವರು ಇಲ್ಲಿ ಮೂಲೆಯಲ್ಲಿ ಏನನ್ನೂ ಬರೆದಿರಲಿಲ್ಲ.

ನೀಲವ್ವ ಹಿಡಿದಿದ್ದ ನನ್ನ ಹೆಂಡತಿಯ ಕೈ ಬಿಟ್ಟಳು. ಸಿನಿಮಾ ಮುಗಿಯುತ್ತಿದ್ದ ಹಾಗೆ ನಾನು ಎದ್ದುನಿಂತು, “ಬಸ್ಸಿಗೆ ಹೊತ್ತಾತು, ಏಳು ನೀಲವ್ವ” ಎಂದೆ. ಅವಳು ನನ್ನ ಮುಖ ನೋಡದೆ ಹೇಳಿದಳು: “ನಿಮ್ಮ ಹೆಸರು ಬರತೈತಲ್ರೀ. ಕೂಡ್ರಿ.”

ಬೇರೆ ದಿನಗಳಲ್ಲಿ ಹೆಸರುಗಳು ಮೇಲೇರುವ ಮೊದಲೇ ದೀಪ ಹಾಕಿ ಜನರನ್ನು ಅಟ್ಟುವ ಆ ಟಾಕೀಸಿನವರು ಅಂದು ಪೂರ್ತಿ ಓಡಿಸಿದರು. ಚಾಲಕರ ಹೆಸರು, ಅಡುಗೆಯವರ ಹೆಸರು ಎಲ್ಲ ಆದ ಮೇಲೆ, ‘ಕಥಾ ಮಾಹಿತಿ’ ಎಂಬುದರ ಕೆಳಗೆ ನಾನು ಬಂದೆ. ನೀಲವ್ವ ಅದನ್ನು ಗಟ್ಟಿಯಾಗಿ ಓದಿದಳು. ಬುಟ್ಟಿ ಎತ್ತಿಕೊಂಡು ಹೊರಟಳು.

ಮುಂದಿನ ಮಂಗಳವಾರ ಅವಳು ಅಂಗಡಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವಳು ಒಯ್ದಿದ್ದ ಪುಸ್ತಕ ಯಾರದೋ ಕೈಯಲ್ಲಿ ಬಂತು. ನಾನು ಮನೆಯಲ್ಲಿ, ಮಳೆ ಜೋರು, ಕೆಲಸ ಇರಬೇಕು, ಜ್ವರ ಇರಬೇಕು ಎಂದು ಒಂದೊಂದು ದಿನ ಒಂದೊಂದು ಕಾರಣ ಹೇಳಿದೆ. ಹೆಂಡತಿ ಕೇಳಿ ಕೇಳಿ, “ಹೋಗಿ ಹೇಳಿಕ್ಕೆ ಬನ್ನಿ. ನಿಂಗಕ್ಕೆ ಆಗ್ತಿಲ್ಲೆ ಅಂದ್ರೆ ಆನೇ ಹೋಗ್ತೆ” ಎಂದಳು. ಅವಳನ್ನು ಕಳಿಸದೆ, ಇನ್ನೊಂದು ಕಾರಣವನ್ನೂ ಹುಡುಕದೆ, ಮರುದಿನ ನಾನೇ ಬಸ್ಸು ಹತ್ತಿದೆ.

ದಾಸನಕೊಪ್ಪದಲ್ಲಿ ಬಸ್ಸಿಳಿದು ಕೇಳಿಕೊಂಡು ಹೋದೆ. ಹೊಸ ತಾರಸಿ ಮನೆ, ಮುಂದೆ ಕಬ್ಬಿಣದ ಗೇಟು. ನೀಲವ್ವ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. “ಬರ್ರಿ” ಎಂದಳು. ಆ ‘ಬರ್ರಿ’ಯಲ್ಲಿ ಮೊದಲಿನದೇನೂ ಇರಲಿಲ್ಲ. ನಾನು ಕೂತವನೇ ಹೇಳಿಬಿಟ್ಟೆ: “ಗುರ್ತಿನವ ಅಂತ ಸಿನಿಮಾದವರಿಗೆ ಹೇಳಿದ್ದು ನಾನೇ, ನೀಲವ್ವ.”

“ಗೊತ್ತಾತ್ರಿ. ಓದಿದ್ನಲ್ರೀ” ಎಂದಳು. ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು, “ವಾರಾ ವಾರಾ ನಿಮ್ಮ ಅಂಗಡೀಗೆ ಬರತಿದ್ದೆ. ನನ್ನ ಒಂದ ಮಾತ ಕೇಳಬಾರದಾಗಿತ್ತೇನ್ರೀ?” ಎಂದಳು.

“ನಿನಗೆ ನೋವಾಗ್ತದೆ ಅಂತ...” ಎಂದೆ. ಅದೂ ಸುಳ್ಳೇ. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

“ಕೇಳದಿದ್ದರ ನೋವ ಇರೂದಿಲ್ಲೇನ್ರೀ?” ಎಂದಳು ನೀಲವ್ವ. “ಬಾಗಲಾ ತಗದ್ಳು ಅಂತ ತೋರಿಸ್ಯಾರ. ಹಾಕಿದ್ದಿದ್ದರ ಅಲ್ಲೇನ್ರೀ ತಗಿಯೂದು? ಹಗಲೊತ್ತು ನಮ್ಮ ಮನೀ ಬಾಗಲಾ ಯಾವತ್ತ ಹಾಕಿದ್ವಿ? ಕತ್ತಲಾದ ಮ್ಯಾಲ, ನಾಯಿ ಬರತಾವ ಅಂತ ಹಾಕತಿದ್ವಿ, ಅಷ್ಟ.”

ಕೈ ಮೆಣಸಿನಕಾಯಿ ಬಿಡಿಸುತ್ತಲೇ ಇತ್ತು. ಅವಳು ಮುಂದುವರಿಸಿದಳು. ಹಿಂದಿನ ದಿನ ಯಾರೋ ಮುದುಕ ಬಾಯಾರಿ ಬಂದಿದ್ದನಂತೆ. ಗಂಗವ್ವ ಒಂದು ಚೊಂಬು ನೀರು ಕೊಟ್ಟು ಕಳಿಸಿದ್ದಳಂತೆ. “ಬೈದೆ ನಾನು. ಬರೇ ನೀರ ಕೊಡತಾರೇನ ಹುಚ್ಚಿ, ಮಂದಿ ಏನಂದಾರು, ಬೆಲ್ಲಾ ಕೊಡಬೇಕಂತ ಗೊತ್ತಾಗೂದಿಲ್ಲೇನು ಅಂತ ಬೈದೆ. ಮರುದಿನಾ ಇಂವಾ ಬಂದಾನ, ನೀರ ಕೇಳ್ಯಾನ. ಚೊಂಬು ಕಟ್ಟೀ ಮ್ಯಾಲ ಇಟ್ಟು, ಬೆಲ್ಲಾ ತರಾಕ ಒಳಗ ಹೋಗ್ಯಾಳ. ಹಿಂದಿಂದ ಹೋಗ್ಯಾನ. ಬೆಲ್ಲದ ಡಬ್ಬೀ ಮುಚ್ಚಳಾ ಕೈಯಾಗ ಇತ್ರೀ ಭಟ್ಟರ. ನಾನ ಬಿಡಿಸಿ ತಗದೆ. ಇದನ್ನ ಯಾರ ಮುಂದೂ ಹೇಳಿಲ್ಲ. ಯಾರೂ ಕೇಳೂ ಇಲ್ಲ.”

ನನಗೆ ಕಣ್ಣು ತುಂಬಿ ಬಂತು, ಮುಚ್ಚಿಕೊಳ್ಳಲು ನೋಡಲಿಲ್ಲ. ಮುಖ ಪರಿಚಯವಿಲ್ಲದ ಆ ನಿರ್ದೇಶಕರು ತೆರೆದ ಬಾಗಿಲಿನಿಂದ ನಮ್ಮ ಜಗಲಿಗೆ ಬಂದು, ನನ್ನ ಹೆಂಡತಿ ತಂದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಅದೇ ಬಾಯಲ್ಲಿ ಕೇಳಿದ್ದರು, ಬಾಗಿಲು ಯಾಕೆ ತೆಗೆದಳು ಎಂದು. ಉತ್ತರ ಇಬ್ಬರ ನಡುವೆ ತಟ್ಟೆಯಲ್ಲೇ ಇತ್ತು. ಅವರು ಹೊರಗಿನವರು, ಕಾಣದಿದ್ದರೆ ತಪ್ಪಲ್ಲ. ಬಂದವರಿಗೆಲ್ಲ ಬೆಲ್ಲ, ನೀರು ಕೊಟ್ಟು ಬೆಳೆದ ನನಗೂ ಕಾಣಲಿಲ್ಲ. ದಿನಾ ಮಾಡುವ ಕೆಲಸ ಒಂದು ಕಾರಣವಾದೀತು ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದನ್ನೇ ಗೊಣಗಿದೆನೆಂದು ಕಾಣುತ್ತದೆ. ನೀಲವ್ವ ತಲೆಯಾಡಿಸಿದಳು. “ಇಲ್ರೀ. ನಾನೂ ಒಂದ ಮಾತ ಆಡೇನಿ, ನೀವೂ ಒಂದ ಮಾತ ಆಡೀರಿ. ನಂದು ತಿರುಗಿ ತಗೊಳ್ಳಾಕ ಬರೂದಿಲ್ಲ, ಅಕಿ ಹೋಗಿಬಿಟ್ಳು. ನಿಮ್ಮದು ಬರತೈತಿ. ಎಲ್ಲಾರಿಗೂ ಹೇಳ್ರಿ. ನಾ ಬೈದದ್ದೂ ಹೇಳ್ರಿ. ಆದರ ಅಕಿ ಅಂಥಾಕಿ ಅಲ್ಲ ಅಂತ ಹೇಳ್ರಿ.”

ನಿರ್ದೇಶಕರಿಗೆ ಫೋನು ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. “ಮೊದಲೇ ಹೇಳಿದ್ರೆ ಅದನ್ನೇ ತೆಗೀತಿದ್ದೆ ಸಾರ್” ಎಂದರು. ಈಗ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಕೆಲವರು ಕೇಳಿಸಿಕೊಂಡು ಪುಸ್ತಕ ಆರಿಸಲು ತಿರುಗುತ್ತಾರೆ. ಒಬ್ಬರಂತೂ, “ನಿಮಗೆ ಸಮಾ ಗೊತ್ತಿಲ್ಲ ಭಟ್ರೇ, ಸಿನಿಮಾದಲ್ಲೇ ತೋರಿಸಿದ್ದಾರಲ್ಲ” ಎಂದು ನನ್ನನ್ನೇ ತಿದ್ದಿದರು. ಊರಲ್ಲಿ ಹೇಳಿ ಮುಗಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇದನ್ನು ಬರೆಯಲು ಕೂತೆ.

ಆ ಸಿನಿಮಾ ಈಗ ಮೊಬೈಲಿನಲ್ಲೂ ಸಿಗುತ್ತದಂತೆ. ನೀವು ನೋಡಿಯೇ ನೋಡುತ್ತೀರಿ, ಚೆನ್ನಾಗಿಯೇ ತೆಗೆದಿದ್ದಾರೆ. ಅವಳು ನಗುತ್ತ ಅಗಳಿ ತೆಗೆಯುವಾಗ, ಪಕ್ಕದಲ್ಲಿ ಕೂತವರಿಗೆ ಮೆಲ್ಲಗೆ ಇಷ್ಟು ಹೇಳಿ: ಆ ಮನೆಗೆ ಹಗಲಲ್ಲಿ ಬಾಗಿಲು ಹಾಕುತ್ತಿರಲಿಲ್ಲ, ಅವನು ಯಾರೆಂದು ಆ ಹುಡುಗಿಗೆ ಗೊತ್ತಿರಲಿಲ್ಲ, ಬಾಯಾರಿದವನಿಗೆ ಬೆಲ್ಲ ತರಲು ಒಳಗೆ ಹೋಗಿದ್ದಳು. ಸಿನಿಮಾ ನೋಡುವಾಗ ಮಾತೇನು ಎಂದು ಅವರು ಸಿಡುಕಬಹುದು, ಸಿಡುಕಲಿ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದರೆ, ತಡವಾಗಿಯಾದರೂ ಅವಳ ಅಕ್ಕನನ್ನು ಹೋಗಿ ಕೇಳಿದವನೊಬ್ಬ ಹೇಳಿದ ಎನ್ನಿ.